ಯಾರಿಗೂ ತಿಳಿದಿರಲಿಲ್ಲವೇ?

ಕೆನಡಾದ ವಸತಿ ಶಾಲೆಗಳ ಮಾತು ಬಂದಾಗಲೆಲ್ಲ ಒಂದು ಸಮಜಾಯಿಷಿ ಕೇಳಿಬರುತ್ತದೆ: ‘ಕಾಲವೇ ಹಾಗಿತ್ತು, ಆಗ ಯಾರಿಗೆ ತಿಳಿದಿತ್ತು?’ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಅಗಲಿಸಿ, ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಇಡುವ ಈ ಏರ್ಪಾಡು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅಲ್ಲಿ ಮಕ್ಕಳು ಸಾಯುತ್ತಿದ್ದುದು ನಿಜಕ್ಕೂ ಯಾರಿಗೂ ತಿಳಿದಿರಲಿಲ್ಲವೇ? ಹಳೆಯ ವರದಿಗಳನ್ನು ನಾನು ತೆರೆದದ್ದು ಇದೊಂದೇ ಪ್ರಶ್ನೆ ಹಿಡಿದು.

1907ರ ಒಂದು ವರದಿ ಸಿಕ್ಕಿತು. ಅಚ್ಚಾದದ್ದು ಒಟ್ಟಾವಾದ ಸರ್ಕಾರಿ ಮುದ್ರಣಾಲಯದಲ್ಲೇ. ಬರೆದವರು ಡಾ. ಪೀಟರ್ ಹೆಂಡರ್ಸನ್ ಬ್ರೈಸ್, 1904ರಿಂದ ಮೂಲನಿವಾಸಿ ವ್ಯವಹಾರಗಳ ಇಲಾಖೆಗೆ ಮುಖ್ಯ ವೈದ್ಯಾಧಿಕಾರಿ. ಮ್ಯಾನಿಟೋಬಾ ಮತ್ತು ವಾಯವ್ಯ ಸೀಮೆಯ 35 ಶಾಲೆಗಳನ್ನು ಅವರು ನೋಡಿ ಬಂದಿದ್ದರು. ಕಿಕ್ಕಿರಿದ ಮಲಗುವ ಕೋಣೆಗಳು, ಉರುವಲು ಉಳಿಸಲೆಂದು ಚಳಿಗಾಲವಿಡೀ ಬಿಗಿದು ಮುಚ್ಚಿದ ಕಿಟಕಿಗಳು. ಸೇರಿದ ಮಕ್ಕಳೆಲ್ಲ ಏನಾದರು ಎಂದು ಶಾಲೆಗಳಿಗೆ ಪ್ರಶ್ನಾವಳಿ ಕಳಿಸಿದರು. ಉತ್ತರ ಬಂದದ್ದು 15 ಶಾಲೆಗಳಿಂದ. ಅವು ಲೆಕ್ಕ ಕೊಟ್ಟ 1,537 ಮಕ್ಕಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ತೀರಿಕೊಂಡಿದ್ದರು. ಕರಾರುವಾಕ್ಕಾಗಿ ಲೆಕ್ಕ ಒಪ್ಪಿಸಿದ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಂತೂ ಶೇ. 69 ಮಂದಿ ಬದುಕಿರಲಿಲ್ಲ. ಹೆಚ್ಚೂಕಡಿಮೆ ಎಲ್ಲೆಡೆ ಒಂದೇ ಕಾರಣ: ಕ್ಷಯ. ಅದೇ ವರ್ಷದ ನವೆಂಬರ್ 15ರಂದು ಒಟ್ಟಾವಾದ ‘ಈವ್ನಿಂಗ್ ಸಿಟಿಜನ್’ ಇದನ್ನು ಸುದ್ದಿ ಮಾಡಿತು. ರಾಜಧಾನಿಯ ಓದುಗರಿಗೆ ಗೊತ್ತಾಗಿತ್ತು.

ಅಂಕಿಅಂಶ ಅಚ್ಚಾಯಿತು, ಸರಿ. ಪರಿಹಾರವೇನೆಂದು ವೈದ್ಯರು ಹೇಳಿರಲೇಬೇಕಲ್ಲ! ಅದಕ್ಕೆ ಉತ್ತರ ಸಿಕ್ಕಿದ್ದು 1922ರಲ್ಲಿ, ನಿವೃತ್ತಿಯ ಮರುವರ್ಷ, ಬ್ರೈಸ್ ಸ್ವತಃ ಹೊರತಂದ ಕಿರುಹೊತ್ತಗೆಯಲ್ಲಿ. ‘ಒಂದು ರಾಷ್ಟ್ರೀಯ ಅಪರಾಧದ ಕಥೆ’ ಎಂದು ಅದರ ಹೆಸರು. ಮಕ್ಕಳ ಮನೆಗಳ ಹತ್ತಿರವೇ ಶಾಲೆಗಳಿರಲಿ, ಅವುಗಳ ಪೂರ್ಣ ಹೊಣೆಯನ್ನು ಸರ್ಕಾರವೇ ಹೊರಲಿ ಎಂಬ ತಮ್ಮ ಶಿಫಾರಸುಗಳು ಪ್ರಕಟವಾಗಲೇ ಇಲ್ಲ ಎಂದು ಅವರು ಅಲ್ಲಿ ಬರೆದಿದ್ದಾರೆ. ಲೆಕ್ಕವೊಂದನ್ನೂ ಕೊಟ್ಟಿದ್ದಾರೆ: 1919ರಲ್ಲಿ ಒಟ್ಟಾವಾ ನಗರವೊಂದೇ ತನ್ನ ಕ್ಷಯರೋಗಿಗಳಿಗೆ 33,000 ಡಾಲರ್‌ಗೂ ಮೀರಿ ಖರ್ಚು ಮಾಡಿತ್ತು, ಹೆಚ್ಚುಕಡಿಮೆ ಅಷ್ಟೇ ಜನಸಂಖ್ಯೆಯ, ಇಡೀ ದೇಶದ ಮೂಲನಿವಾಸಿಗಳ ಕ್ಷಯ ನಿವಾರಣೆಗೆ ಸಿಕ್ಕಿದ್ದು 10,000. ಈ ಎರಡು ಸಂಖ್ಯೆಗಳ ಮುಂದೆ ನಾನು ಬಹಳ ಹೊತ್ತು ಕುಳಿತೆ. ಔಷಧಿ ಇರಲಿಲ್ಲ ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ.

1913ರಿಂದ ಇಲಾಖೆಯ ಚುಕ್ಕಾಣಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಕೈಯಲ್ಲಿತ್ತು. ಬ್ರೈಸ್ ಎಚ್ಚರಿಸಿದ ಮೇಲೂ, 1920ರಲ್ಲಿ, 7ರಿಂದ 15 ವರ್ಷದ ಮಕ್ಕಳನ್ನು ಇಲಾಖೆ ಹೇಳಿದ ಶಾಲೆಗೆ ಕಳಿಸಲೇಬೇಕೆಂಬ ಕಾನೂನು ಬಂದದ್ದು ಅವರ ಆಡಳಿತದಲ್ಲೇ. ಸ್ಕಾಟ್ ಕವಿಯೂ ಹೌದು. ಕೆನಡಾದ ಕಾವ್ಯ ಸಂಕಲನಗಳಲ್ಲಿ ಅವರಿಗೆ ಗೌರವದ ಸ್ಥಾನ ಸಿಕ್ಕಿತು. ಬ್ರೈಸ್ ಅವರನ್ನು ನಾಡು ಬಹುಕಾಲ ಮರೆತೇಬಿಟ್ಟಿತ್ತು.

ವಸತಿ ಶಾಲೆಗಳ ಚರಿತ್ರೆ ಶಾಲೆಗಳಲ್ಲಿ ಕಡ್ಡಾಯ ಪಾಠವಾಗಬೇಕೆಂದು, ಈ ಶಾಲೆಗಳ ಕುರಿತು ವಿಚಾರಣೆ ನಡೆಸಿದ ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಕೇಳಿತು. 94 ಕರೆಗಳಲ್ಲಿ 62ನೆಯದು ಅದು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023–24ರಿಂದ ಮೂಲನಿವಾಸಿಗಳ ಕುರಿತ ಕೋರ್ಸು ಓದದೆ ಪ್ರೌಢಶಾಲೆ ಮುಗಿಸುವಂತಿಲ್ಲ. ಒಳ್ಳೆಯದಾಯಿತು. ಆದರೆ ‘ಹಿಂದೊಮ್ಮೆ ತಪ್ಪಾಯಿತು’ ಎಂದಷ್ಟೇ ಹೇಳಿ ಮುಗಿಸುವ ಅಧ್ಯಾಯ ಸಾಲದು. ತಿಳಿದೂ ನಡೆಯಿತು ಎಂಬುದನ್ನು ಹದಿನಾರರ ಮಕ್ಕಳು ತಾವೇ ಕಂಡುಕೊಳ್ಳಬೇಕು. ವರದಿ, ಪತ್ರಿಕೆ, ಹೊತ್ತಗೆ ಮೂರನ್ನೂ ಅವರ ಮುಂದಿಡಿ. ಉತ್ತರ ಕೊಡದ ಶಾಲೆಗಳಲ್ಲಿ ಎಷ್ಟು ಮಕ್ಕಳು ಸತ್ತಿದ್ದಾರು ಎಂದು ಅವರೇ ಕೇಳುತ್ತಾರೆ. ದಾಖಲಾತಿ ಪುಸ್ತಕಗಳನ್ನೂ ಚರ್ಚುಗಳ ಸಮಾಧಿ ದಾಖಲೆಗಳನ್ನೂ ಹುಡುಕಲಿ. ಆ ಮಕ್ಕಳ ಮನೆತನದ ಹಿರಿಯರು ಒಪ್ಪಿದರೆ ಅವರನ್ನೂ ತರಗತಿಗೆ ಕರೆದು ಕೇಳಲಿ. 1907ರ ಪ್ರಶ್ನಾವಳಿ ಹೋಗಿದ್ದು ಶಾಲೆ ನಡೆಸುವವರ ಬಳಿಗೆ, ಹೆತ್ತವರ ಬಳಿಗಲ್ಲ.