ಬಂದವರು ಮರೆಯಲಿಲ್ಲ, ನಾವು ಬರೆದಿಡಲಿಲ್ಲ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು ಯಾರಾದರೂ ಇದ್ದಾರಾ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವರು? ಇದ್ದರೆ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ‘ಕೇರ್ ಉಪ್ಪಿಟ್ಟು ನೆನಪಿದೆಯಾ?’

ಮುಖ ಅರಳುತ್ತೆ. ದಪ್ಪ ಗೋಧಿ ನುಚ್ಚಿನ ಉಪ್ಪಿಟ್ಟು, ಬಿಸಿನೀರಿಗೆ ಕಲಸಿದ ಹಾಲಿನ ಪುಡಿ, ಎರಡು ಕೈ ಕುಲುಕುವ ಚಿತ್ರ ಇದ್ದ ಎಣ್ಣೆ ಡಬ್ಬ, ಎಲ್ಲ ಹೇಳ್ತಾರೆ. ಆ ಡಬ್ಬ ಖಾಲಿಯಾದ ಮೇಲೆ ಮನೆಯಲ್ಲಿ ರಾಗಿ ಅಳೆಯೋಕೆ ಬಳಸಿದ್ದನ್ನೂ ಹೇಳ್ತಾರೆ. ಗೋಧಿ ಬಂದದ್ದು ಅಮೆರಿಕದಿಂದ. 1954ರಲ್ಲಿ ಆ ದೇಶ ಮಾಡಿದ ಪಿಎಲ್-480 ಅನ್ನೋ ಕಾನೂನಿನ ಅಡಿಯಲ್ಲಿ ಹಡಗುಗಳು ತುಂಬಿ ಬರ್ತಿದ್ದವು. ಆ ಹಡಗುಗಳ ಬಗ್ಗೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ಸಾಲಾದರೂ ಸಿಗುತ್ತೆ. ಅದೇ ಕಾಲಕ್ಕೆ ಅಮೆರಿಕದಿಂದ ಇನ್ನೊಂದು ಬಂತು. ಅದರ ಬಗ್ಗೆ ನಾವು ಮಾತೇ ಆಡಲ್ಲ. ಅದು ಗೋಧಿ ಅಲ್ಲ, ಮನುಷ್ಯರು. ಆಗತಾನೇ ಕಾಲೇಜು ಮುಗಿಸಿದ, ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ಹುಡುಗ ಹುಡುಗಿಯರು.

ಕಥೆ ಶುರುವಾಗೋದು 1960ರ ಅಕ್ಟೋಬರ್ 14ರ ನಡುರಾತ್ರಿ. ಜಾನ್ ಕೆನಡಿ ಆಗಿನ್ನೂ ಅಧ್ಯಕ್ಷ ಆಗಿರಲಿಲ್ಲ, ಚುನಾವಣೆಗೆ ನಿಂತಿದ್ದ ಅಭ್ಯರ್ಥಿ. ಪ್ರಚಾರ ಮುಗಿಸಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಬಂದಾಗ ರಾತ್ರಿ ಎರಡು ಗಂಟೆ. ಅಷ್ಟು ಹೊತ್ತಿನಲ್ಲೂ ಸಾವಿರಾರು ವಿದ್ಯಾರ್ಥಿಗಳು ಕಾಯ್ತಾ ಇದ್ದರು. ಕಟ್ಟಡದ ಮೆಟ್ಟಿಲ ಮೇಲೆ ನಿಂತು ಕೆನಡಿ ಕೇಳಿದ್ದು ಇಷ್ಟೇ: ನಿಮ್ಮಲ್ಲಿ ಎಷ್ಟು ಜನ ಬಡದೇಶಗಳಿಗೆ ಹೋಗಿ ಕೆಲಸ ಮಾಡೋಕೆ ತಯಾರಿದ್ದೀರಿ? ವಿದ್ಯಾರ್ಥಿಗಳು ಅದನ್ನ ಭಾಷಣ ಅಂತ ಮರೆತುಬಿಡಲಿಲ್ಲ. ಸಹಿ ಸಂಗ್ರಹಿಸಿದರು, ಪತ್ರ ಬರೆದರು. 1961ರ ಮಾರ್ಚ್ 1ಕ್ಕೆ ಪೀಸ್ ಕೋರ್ ಹುಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ 26 ಜನರ ಮೊದಲ ತಂಡ ಪಂಜಾಬಿಗೆ ಬಂದು ಇಳಿಯಿತು. ಮುಂದೆ ಬೇರೆ ಬೇರೆ ರಾಜ್ಯಗಳಿಗೆ ತಂಡಗಳು ಬಂದವು. ನಮ್ಮ ಮೈಸೂರು ರಾಜ್ಯಕ್ಕೂ ಬಂದವು. ಹೌದು, ಆಗಿನ್ನೂ ಇದು ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಅನ್ನೋದೂ ಇರಲಿಲ್ಲ. ಅದು ಹುಟ್ಟಿದ್ದು 1986ರಲ್ಲಿ.

1962ರಲ್ಲಿ ಭಾರತದ ಪೀಸ್ ಕೋರ್ ನೋಡಿಕೊಳ್ಳೋಕೆ ಬಂದವರು ಯಾರು ಗೊತ್ತಾ? ಡಾಕ್ಟರ್ ಚಾರ್ಲ್ಸ್ ಹೂಸ್ಟನ್. ಪ್ರಪಂಚದ ಎರಡನೇ ಅತಿ ಎತ್ತರದ ಶಿಖರ ಕೆ-2 ಏರೋಕೆ 1938ರಲ್ಲಿ ಒಮ್ಮೆ, 1953ರಲ್ಲಿ ಇನ್ನೊಮ್ಮೆ ತಂಡ ಕಟ್ಟಿಕೊಂಡು ಹೋದ ವೈದ್ಯ. ಎರಡು ಸಲವೂ ತುದಿ ಮುಟ್ಟಲಿಲ್ಲ. ಬಹುಶಃ ಭಾರತದ ಹಳ್ಳಿ ಕೆಲಸಕ್ಕೆ ಇಂಥವರೇ ಸರಿ ಅಂತ ಯಾರಿಗೋ ಅನ್ನಿಸಿರಬೇಕು!

ಬಂದ ಹುಡುಗರಿಗೆ ಮೊದಲು ಸುಮಾರು ಮೂರು ತಿಂಗಳ ತರಬೇತಿ. ಯಾವ ಊರಿಗೆ ಹೋಗ್ತಾರೋ ಆ ಊರಿನ ಭಾಷೆ. ಮೈಸೂರು ರಾಜ್ಯಕ್ಕೆ ಬರುವವರು ಕನ್ನಡ ಕಲಿಯಬೇಕಿತ್ತು. ಆಮೇಲೆ ಎರಡು ವರ್ಷ ಊರಲ್ಲೇ ವಾಸ. ಸೈಕಲ್ಲು, ಬಾವಿ ನೀರು, ಊಟ ತಿಂಡಿಗೆ ಸಾಕಾಗುವಷ್ಟು ಭತ್ಯೆ. ಮೇಲೆ ತಿಂಗಳಿಗೆ 75 ಡಾಲರ್ ಲೆಕ್ಕದಲ್ಲಿ ಅವರ ಹೆಸರಿಗೆ ಅಲ್ಲಿ ಜಮಾ ಆಗ್ತಿತ್ತು, ವಾಪಸ್ ಹೋದ ಮೇಲೆ ಕೊಡೋಕೆ. ಕೆಲಸ ಏನು? ಕೋಳಿ ಸಾಕಣೆ, ತರಕಾರಿ ತೋಟ, ಶಾಲೆಯಲ್ಲಿ ಪಾಠ, ಮಕ್ಕಳ ಪೌಷ್ಟಿಕ ಆಹಾರ, ಆರೋಗ್ಯ.

ಇದನ್ನೆಲ್ಲ ಪುಣ್ಯದ ಕೆಲಸ ಅಂತ ಹೊಗಳಿ ಮುಗಿಸೋದು ಸುಲಭ. ಆದರೆ ಅದು ಪೂರ್ತಿ ಸತ್ಯ ಅಲ್ಲ. ಅದು ಶೀತಲ ಸಮರದ ಕಾಲ. ರಷ್ಯಾ ಒಂದು ಕಡೆ, ಅಮೆರಿಕ ಒಂದು ಕಡೆ, ನಡುವೆ ನಾವು. ಅಮೆರಿಕಕ್ಕೆ ಬಡದೇಶಗಳ ಮನಸ್ಸು ಗೆಲ್ಲಬೇಕಿತ್ತು. 1965, 66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನ ತಿಂಗಳ ಲೆಕ್ಕದಲ್ಲಿ ತಡೆದು ತಡೆದು ಬಿಟ್ಟರು. ಒಂದು ಕೈಯಲ್ಲಿ ಉಪ್ಪಿಟ್ಟು, ಇನ್ನೊಂದು ಕೈಯಲ್ಲಿ ಲಗಾಮು. 1967ರಲ್ಲಿ ಅಮೆರಿಕದ ವಿದ್ಯಾರ್ಥಿ ಸಂಘಟನೆಯೊಂದಕ್ಕೆ ಸಿಐಎ ಗುಟ್ಟಾಗಿ ದುಡ್ಡು ಕೊಡ್ತಿತ್ತು ಅಂತ ಬಯಲಾಯ್ತು. ಪೀಸ್ ಕೋರ್‌ನವರನ್ನ ಬೇಹುಗಾರಿಕೆಗೆ ಬಳಸಬಾರದು ಅನ್ನೋ ನಿಯಮ ಇತ್ತು ನಿಜ. ಆದರೆ ಹಳ್ಳಿಗೆ ಬಂದ ಬಿಳಿ ಹುಡುಗನ್ನ ನೋಡಿ ‘ಇವನು ಸಿಐಎ ಏಜೆಂಟ್ ಇರಬಹುದಾ’ ಅಂತ ಅನುಮಾನ ಪಡೋರಿಗೆ ನಿಯಮ ಓದಿ ಹೇಳೋಕಾಗುತ್ತಾ? 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಸಂಬಂಧ ಪೂರ್ತಿ ಹಳಸಿತು. ತಂಡಗಳು ಸಣ್ಣದಾಗುತ್ತಾ ಬಂದು 1976ಕ್ಕೆ ಭಾರತದಲ್ಲಿ ಪೀಸ್ ಕೋರ್ ಬಾಗಿಲು ಹಾಕಿತು. ಆ ಹದಿನೈದು ವರ್ಷದಲ್ಲಿ ಬಂದು ಹೋದವರು ನಾಲ್ಕು ಸಾವಿರಕ್ಕೂ ಹೆಚ್ಚು.

ಅವರಿಂದ ಭಾರತ ಬದಲಾಯ್ತಾ? ಇಲ್ಲ. ಹಸಿವು ಕಡಿಮೆ ಮಾಡಿದ್ದು ನಮ್ಮ ರೈತರು, ನಮ್ಮ ವಿಜ್ಞಾನಿಗಳು, ನಮ್ಮ ಹಾಲಿನ ಡೇರಿಗಳು. ಹಾಗಾದರೆ ಆ ಎರಡು ವರ್ಷದಿಂದ ಉಳಿದದ್ದೇನು?

ಇಲ್ಲಿಂದಲೇ ನನಗೆ ಕುತೂಹಲ ಹುಟ್ಟೋದು. ವಾಪಸ್ ಹೋದವರು ಒಬ್ಬರನ್ನೊಬ್ಬರು ಬಿಡಲಿಲ್ಲ. ಆಗ ಮೊಬೈಲ್ ಇಲ್ಲ, ವಾಟ್ಸಾಪ್ ಇಲ್ಲ. ನೀಲಿ ಬಣ್ಣದ ಏರೋಗ್ರಾಮ್ ಅನ್ನೋ ಮಡಚುವ ಕಾಗದ, ತಲುಪೋಕೆ ವಾರಗಟ್ಟಲೆ. ಅದರಲ್ಲೇ ಸಂಬಂಧ ಉಳಿಸಿಕೊಂಡರು. ಒಟ್ಟಿಗೆ ತರಬೇತಿ ಪಡೆದ ತಂಡಗಳು ವರ್ಷಗಳು ಕಳೆದ ಮೇಲೂ ಸೇರುತ್ತಾ ಬಂದವು. 1979ರಲ್ಲಿ ಬೇರೆ ಬೇರೆ ದೇಶಗಳಿಂದ ಮರಳಿದವರೆಲ್ಲ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಮಾಜಿ ಸ್ವಯಂಸೇವಕರು 1980ರ ದಶಕದ ಕೊನೆಯಿಂದ ಪ್ರತಿ ವರ್ಷ ಒಂದು ಕ್ಯಾಲೆಂಡರ್ ಅಚ್ಚು ಹಾಕ್ತಾರೆ. ತಾವು ಸೇವೆ ಮಾಡಿದ ದೇಶಗಳ ಫೋಟೋ, ಅಲ್ಲಿನ ಹಬ್ಬಗಳು. ಬಂದ ಲಾಭ ಸೇವಾ ಕೆಲಸಗಳಿಗೆ ಹೋಗುತ್ತೆ.

ಇದು ಬರೀ ಹಳೇ ಗೆಳೆತನ ಅಂತ ತಿಳಿಯಬೇಡಿ. ಪೀಸ್ ಕೋರ್‌ಗೆ ಮೂರು ಗುರಿ ಇದ್ದವು. ಒಂದು, ಬೇಕಾದ ಕಡೆ ಕೆಲಸಗಾರರನ್ನ ಕೊಡೋದು. ಎರಡು, ಅಮೆರಿಕದವರು ಎಂಥವರು ಅಂತ ಬೇರೆಯವರಿಗೆ ಗೊತ್ತಾಗೋದು. ಮೂರನೆಯದು, ಬೇರೆಯವರು ಎಂಥವರು ಅಂತ ಅಮೆರಿಕದವರಿಗೆ ಗೊತ್ತಾಗೋದು. ಈ ಮೂರನೇ ಗುರಿ ಶುರುವಾಗೋದೇ ಊರಿಗೆ ವಾಪಸ್ ಹೋದ ಮೇಲೆ. ಅಂದ್ರೆ ಸೇವೆಗೆ ಎರಡು ವರ್ಷದ ಮಿತಿ, ನೆನಪಿಗೆ ಮಿತಿ ಇಲ್ಲ.

ಒಬ್ಬ ಅಜ್ಜಿಯ ಉದಾಹರಣೆ ಕೊಡ್ತೀನಿ. ಲಿಲಿಯನ್ ಕಾರ್ಟರ್. ವೃತ್ತಿಯಲ್ಲಿ ನರ್ಸ್. 1966ರಲ್ಲಿ, 68ನೇ ವಯಸ್ಸಿಗೆ, ಪೀಸ್ ಕೋರ್ ಸೇರಿ ಮುಂಬೈನ ವಿಕ್ರೋಲಿಯಲ್ಲಿ ಕೆಲಸ ಮಾಡಿದರು. ಹತ್ತು ವರ್ಷ ಆದ ಮೇಲೆ ಅವರ ಮಗ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾದರು. 1977ರ ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೆ ಮಗ ಕಳಿಸಿದ್ದು ತಾಯಿಯನ್ನೇ. ಆ ತಾಯಿ ವಿಕ್ರೋಲಿಗೂ ಹೋಗಿ ಹಳೆಯ ಜನರನ್ನ ಕಂಡು ಬಂದರು. ಮನೆಯವರಿಗೆ ಬರೆದಿದ್ದ ಕಾಗದಗಳು ಆ ವರ್ಷ ಪುಸ್ತಕವಾಗಿಯೂ ಬಂದವು.

ಈಗ ನನ್ನ ಪ್ರಶ್ನೆ. ಬಂದವರ ಕಡೆ ಪುಸ್ತಕ ಇದೆ, ಕಾಗದ ಇದೆ, ಫೋಟೋ ಆಲ್ಬಮ್ ಇದೆ. ಮಾಜಿ ಸ್ವಯಂಸೇವಕರ ಡೈರಿಗಳನ್ನ, ಪತ್ರಗಳನ್ನ ಬೋಸ್ಟನ್‌ನ ಕೆನಡಿ ಗ್ರಂಥಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಕಡೆ ಏನಿದೆ? ಆ ಫೋಟೋಗಳಲ್ಲಿ ತಟ್ಟೆ ಹಿಡಿದು ನಿಂತ ಮಗುವಿನ ಹೆಸರೇನು? 1966ರಲ್ಲಿ ಎಂಟು ವರ್ಷ ಇದ್ದ ಮಗುವಿಗೆ ಈಗ ಎಪ್ಪತ್ತರ ಹತ್ತಿರ. ಆ ಮಗು ಏನಾಯ್ತು? ತನಗೆ ಪಾಠ ಹೇಳಿದ ಆ ತೊದಲುಗನ್ನಡದ ಅಕ್ಕನ ಬಗ್ಗೆ ಅದಕ್ಕೆ ಏನನ್ನಿಸಿತ್ತು? ಇಷ್ಟವಾಗಿತ್ತಾ, ಭಯವಾಗಿತ್ತಾ, ಅಕ್ಕ ಹೊರಟು ಹೋದ ದಿನ ಅತ್ತಿತ್ತಾ? ಯಾರೂ ಕೇಳಲಿಲ್ಲ. ಅವರು ನಮ್ಮನ್ನ ನೆನಪಿಟ್ಟುಕೊಂಡರು, ಅವರ ಕಣ್ಣಿಗೆ ಕಂಡ ಹಾಗೆ. ನಮ್ಮ ಕಣ್ಣಿಗೆ ಅವರು ಹೇಗೆ ಕಂಡರು ಅನ್ನೋದು ಎಲ್ಲೂ ದಾಖಲಾಗಲಿಲ್ಲ. ಅರ್ಧ ಇತಿಹಾಸ ಅಂದ್ರೆ ಇದೇ.

ಇದು ಬರೀ ಹಳೇ ಕಥೆ ಅಂದುಕೊಳ್ಳಬೇಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. ಅದೇ 2008ರಲ್ಲಿ ಜರ್ಮನಿ ಸರ್ಕಾರ ‘ವೆಲ್ಟ್‌ವೆರ್ಟ್ಸ್’ ಅನ್ನೋ ಯೋಜನೆ ಶುರು ಮಾಡಿತು. ಹದಿನೆಂಟು ದಾಟಿದ ಯುವಕರು ಆರು ತಿಂಗಳಿಂದ ಎರಡು ವರ್ಷದವರೆಗೆ ಬೇರೆ ದೇಶದಲ್ಲಿ ಸೇವೆ ಮಾಡಬಹುದು. ವಾಪಸ್ ಬಂದವರು ಮುಂದೆಯೂ ತೊಡಗಿಕೊಳ್ಳೋಕೆ ಆ ಯೋಜನೆಯಲ್ಲೇ ಅವಕಾಶ ಇದೆ. ಇದು ಒಳ್ಳೇ ಮಾದರಿ. ಆದರೆ ಇನ್ನೊಂದು ಮಾದರಿಯೂ ಇದೆ: ದುಡ್ಡು ಕಟ್ಟಿ ಎರಡು ವಾರಕ್ಕೆ ಬರೋದು, ಅನಾಥಾಶ್ರಮದ ಮಕ್ಕಳ ಜೊತೆ ಸೆಲ್ಫಿ, ಮೂರನೇ ವಾರ ಗೋವಾ. ಇಂದು ಬಂದ ಅಣ್ಣ ನಾಳೆ ಇಲ್ಲ, ನಾಡಿದ್ದು ಇನ್ನೊಬ್ಬ ಅಣ್ಣ. ಮೊದಲೇ ಅಪ್ಪ ಅಮ್ಮನ್ನ ಕಳಕೊಂಡ ಮಗುವಿಗೆ ಪ್ರತಿ ತಿಂಗಳೂ ಒಬ್ಬರನ್ನ ಕಳಕೊಳ್ಳುವ ಶಿಕ್ಷೆ ಯಾಕೆ? 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ತನ್ನ ನಿರ್ಣಯದಲ್ಲಿ ಅನಾಥಾಲಯಗಳ ಇಂಥ ಸ್ವಯಂಸೇವೆಯಿಂದ ಮಕ್ಕಳಿಗೆ ಆಗೋ ಹಾನಿಯನ್ನ ಗುರುತಿಸಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪಾಲನೆ, ರಕ್ಷಣೆಯ ಅಗತ್ಯ ಇರುವ ಮಗುವಿನ ಗುರುತನ್ನ ಮಾಧ್ಯಮಗಳಲ್ಲಿ ಬಯಲು ಮಾಡುವಂತಿಲ್ಲ. ಟಿವಿಯವರಾದ ನಮಗೂ ಇದು ಅನ್ವಯಿಸುತ್ತೆ.

ವಿದೇಶದವರ ಮಾತು ಬಿಡಿ. ನಾವೇನು ಮಾಡ್ತಿದ್ದೀವಿ? 1969ರ ಸೆಪ್ಟೆಂಬರ್ 24ಕ್ಕೆ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಎನ್ನೆಸ್ಸೆಸ್ ಶುರುವಾಯ್ತು. ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪ್ ನಿಮಗೂ ಗೊತ್ತು. ಒಂದು ಹಳ್ಳಿ, ಏಳು ದಿನ. ಚರಂಡಿ ಸ್ವಚ್ಛ, ಶಾಲೆಗೆ ಸುಣ್ಣ, ಸಂಜೆ ನಾಟಕ, ಕೊನೇ ದಿನ ಸಮಾರೋಪ. ಮಕ್ಕಳು ಬಸ್ಸಿನ ಹಿಂದೆ ಓಡಿ ಬರ್ತಾರೆ. ‘ಮತ್ತೆ ಬರ್ತೀವಿ’ ಅಂತ ಕೈ ಬೀಸ್ತೀವಿ. ಎಷ್ಟು ಜನ ಮತ್ತೆ ಹೋಗಿದ್ದೀವಿ?

ಹೋದವರೂ ಇದ್ದಾರೆ. 1984ರಲ್ಲಿ ಮೈಸೂರಿನ ಮೆಡಿಕಲ್ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿದ ಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು. ಆಸ್ಪತ್ರೆ ಬಂತು. ಆದಿವಾಸಿ ಮಕ್ಕಳಿಗೆ ಹೊಸಹಳ್ಳಿಯಲ್ಲಿ ವಸತಿ ಶಾಲೆ ಬಂತು. ಕಾರ್ನೆಲ್‌ನಂಥ ವಿದೇಶಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈಗ ಆ ಸಂಸ್ಥೆಗೆ ಕಲಿಯೋಕೆ ಬರ್ತಾರೆ. ಅಲ್ಲಿ ಬಂದು ಹೋಗುವವರು ಬದಲಾಗ್ತಾರೆ, ಆದರೆ ಮಕ್ಕಳ ಜೊತೆ ಇರುವ ಜನ, ಸಂಸ್ಥೆ ಅಲ್ಲೇ ಇರುತ್ತೆ. ಅತಿಥಿ ಹೊರಟ ಮೇಲೂ ಮನೆಯವರು ಇದ್ದರೆ ಮಗು ಅನಾಥ ಆಗಲ್ಲ. ವ್ಯತ್ಯಾಸ ಇರೋದು ಇಲ್ಲೇ.

ಹಾಗಾಗಿ ನಾನು ಕೇಳೋದು ಮೂರೇ. ಕಾಲೇಜಿನವರೇ, ನಿಮ್ಮ ಎನ್ನೆಸ್ಸೆಸ್ ಘಟಕ ಪ್ರತಿ ವರ್ಷ ಹೊಸ ಹಳ್ಳಿ ಹುಡುಕೋದು ಬಿಡಲಿ, ಒಂದೇ ಹಳ್ಳಿಗೆ ಐದು ವರ್ಷ ಹೋಗಲಿ. ಹೋದ ಸಲದವರು ಈ ಸಲದವರಿಗೆ ಮಕ್ಕಳ ಹೆಸರು ಹೇಳಿ ಪರಿಚಯ ಮಾಡಿಸಲಿ. ಶಾಲೆಯವರೇ, ಯಾರು ಬಂದರು, ಏನು ಕಲಿಸಿದರು, ಯಾವಾಗ ಹೋದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳ ಕೈಯಲ್ಲೂ ಒಂದು ಪುಟ ಬರೆಸಿ, ಅವರಿಗೆ ಅನ್ನಿಸಿದ್ದನ್ನ. ಇನ್ನು ವೀಕ್ಷಕರೇ, ಕೇರ್ ಉಪ್ಪಿಟ್ಟು ತಿಂದ ನಿಮ್ಮ ತಾತ, ಅಜ್ಜಿ ಜೊತೆ ಅರ್ಧ ಗಂಟೆ ಕೂತು ಅವರ ಮಾತನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಆಗ ಸೈಕಲ್ ಮೇಲೆ ಬರ್ತಿದ್ದ ಬಿಳಿಯ ಮೇಷ್ಟ್ರು ಯಾರಾದರೂ ಇದ್ದರಾ ಅಂತ ಕೇಳಿ. ಬೋಸ್ಟನ್‌ನ ಕಪಾಟಿನಲ್ಲಿ ಅವರ ಅರ್ಧ ಭದ್ರವಾಗಿದೆ. ನಮ್ಮ ಅರ್ಧ ಇರೋದು ಇನ್ನು ಕೆಲವೇ ವರ್ಷ ನಮ್ಮ ಜೊತೆ ಇರುವವರ ನಾಲಿಗೆ ಮೇಲೆ. ತಡ ಮಾಡಬೇಡಿ.