ದವಡೆಯ ಗೆಡ್ಡೆ ಮತ್ತು ಆಫ್ರಿಕಾದ ನಕ್ಷೆ

ಎಪ್‌ಸ್ಟೀನ್-ಬಾರ್ ವೈರಸ್ಸಿನ ಕಥೆಯನ್ನು ಸಾಮಾನ್ಯವಾಗಿ 1964ರ ಲಂಡನ್ನಿನಿಂದ ಆರಂಭಿಸುತ್ತಾರೆ. ಹರ್ಪಿಸ್ ಕುಟುಂಬದ ಈ ವೈರಸ್ಸನ್ನು ಆಂಥೊನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೋನ್ ಬಾರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು ಅಲ್ಲೇ, ನಿಜ. ಆದರೆ ಈ ಚರಿತ್ರೆ ಆರಂಭವಾಗಬೇಕಾದದ್ದು ಉಗಾಂಡಾದಿಂದ. ಮಕ್ಕಳ ದವಡೆಯನ್ನು ವಿಕಾರಗೊಳಿಸಿ ಬೇಗನೆ ಕೊಲ್ಲುತ್ತಿದ್ದ ಗೆಡ್ಡೆಗಳನ್ನು ಕಂಪಾಲಾದ ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ವರದಿ ಮಾಡಿದರು. ಅಂಥವನ್ನು ಮಿಷನರಿ ವೈದ್ಯ ಆಲ್ಬರ್ಟ್ ಕುಕ್ ದಶಕಗಳ ಹಿಂದೆಯೇ ಕಂಡಿದ್ದರು. ಬರ್ಕಿಟ್ ಮಾತ್ರ ಈ ರೋಗ ಎಲ್ಲೆಲ್ಲಿದೆ ಎಂದು ಹುಡುಕಹೊರಟರು. 1961ರಲ್ಲಿ ಇಬ್ಬರು ವೈದ್ಯಮಿತ್ರರೊಡನೆ ಸುಮಾರು 10,000 ಮೈಲಿ ಸುತ್ತಿ, ಊರೂರ ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಬಿಸಿಲು, ಮಳೆ ಎರಡೂ ಹೆಚ್ಚಿರುವ ತಗ್ಗು ನಾಡುಗಳಲ್ಲೇ ರೋಗ ದಟ್ಟವಾಗಿತ್ತು. ಎತ್ತರದ ತಂಪು ಸೀಮೆಗಳಲ್ಲಿ ವಿರಳ. ಇಂಥ ಹಂಚಿಕೆಯ ಸುಳಿವನ್ನು ಅದೇ ವರ್ಷ ಬರ್ಕಿಟ್ಟರ ಉಪನ್ಯಾಸದಲ್ಲಿ ಕೇಳಿದ್ದರಿಂದಲೇ ಎಪ್‌ಸ್ಟೀನ್ ಆ ಗೆಡ್ಡೆಗಳಲ್ಲಿ ವೈರಸ್ ಹುಡುಕತೊಡಗಿದ್ದು.

ಜಗತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಯಸ್ಕರಲ್ಲಿ ಇರುವ ವೈರಸ್ಸು ಒಂದು ಸೀಮೆಯ ಕ್ಯಾನ್ಸರಿಗೆ ಹೇಗೆ ಕಾರಣವಾದೀತು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯಲ್ಲಿ ಸುಮಾರು 42,000 ಮಕ್ಕಳ ರಕ್ತ ಸಂಗ್ರಹಿಸಿ ಕಾದು ನೋಡಿದ ಅಧ್ಯಯನ ಅದಕ್ಕೆ ಅರ್ಧ ಉತ್ತರ ಕೊಟ್ಟಿತು: ಮುಂದೆ ಗೆಡ್ಡೆ ಕಾಣಿಸಿಕೊಂಡ ಮಕ್ಕಳಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಮೊದಲೇ ಏರಿದ್ದವು. ಉಳಿದರ್ಧ ಬರ್ಕಿಟ್ಟರ ನಕ್ಷೆಯಲ್ಲೇ ಇತ್ತು. ಆ ತಗ್ಗು ನಾಡುಗಳು ವರ್ಷವಿಡೀ ಮಲೇರಿಯಾ ಕಾಡುವ ನಾಡುಗಳು. ಮರಮರಳಿ ಬರುವ ಮಲೇರಿಯಾ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಮಗುವಿನ ಬಿ-ಕಣಗಳನ್ನು ಕೆರಳಿಸಿ, ವೈರಸ್ಸಿನ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ.