ಮಸಿ, ಸೋಪು ಮತ್ತು ಮಾಗಡಿ ರೋಡು

ಸಿಟಿ ಹೊಗೆಯಿಂದ ಚರ್ಮ ಕಾಪಾಡಿಕೊಳ್ಳೋದು ಹೇಗೆ ಅಂತ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರೋ ಉತ್ತರ ಯಾವುದಾದರೊಂದು ಕ್ರೀಮಿನ ಹೆಸರು. ಡಬ್ಬಿ ಮೇಲೆ 'ಆ್ಯಂಟಿ ಪೊಲ್ಯೂಷನ್' ಅಂತ ಬರೆದಿರುತ್ತೆ. ಇದೇನೋ ಹೊಸ ಕಾಯಿಲೆ, ಅದಕ್ಕೊಂದು ಹೊಸ ಮದ್ದು ಅನ್ನೋ ಹಾಗೆ. ಆದರೆ ಮಸಿಗೂ ಮನುಷ್ಯನ ಚರ್ಮಕ್ಕೂ ಇರೋ ಜಗಳ ಬಹಳ ಹಳೆಯದು. ಆ ಕಥೆ ಗೊತ್ತಾದರೆ ಡಬ್ಬಿಗೆ ಎಷ್ಟು ಬೆಲೆ ಕೊಡಬೇಕು ಅನ್ನೋದೂ ಗೊತ್ತಾಗುತ್ತೆ.

1661ರಲ್ಲಿ ಜಾನ್ ಎವೆಲಿನ್ ಅನ್ನೋ ಇಂಗ್ಲಿಷ್ ಲೇಖಕ ಲಂಡನ್ನಿನ ಕಲ್ಲಿದ್ದಲ ಹೊಗೆ ಬಗ್ಗೆ ಪುಸ್ತಕ ಬರೆದು ರಾಜ ಎರಡನೇ ಚಾರ್ಲ್ಸ್‌ಗೆ ಒಪ್ಪಿಸಿದ. ಊರಿನ ಹೆಂಗಸರು ಮುಖ, ಕೈಗೆ ಅಂಟಿದ ಮಸಿ ತೆಗೆಯೋಕೆ ಎಷ್ಟೊಂದು ಬಾದಾಮಿ ಪುಡಿ ಖರ್ಚು ಮಾಡಬೇಕಾಗಿದೆ ಅನ್ನೋದು ಅವನ ದೂರುಗಳಲ್ಲೊಂದು. ಹೊಗೆ ಕಾರೋ ಕುಲುಮೆಗಳನ್ನ ಊರಾಚೆ ಸಾಗಿಸಿ ಅನ್ನೋದು ಅವನ ಸಲಹೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ನೂರು ವರ್ಷ ಕಳೆದ ಮೇಲೆ ವಿಷಯ ಅಂದಚೆಂದದ್ದಾಗಿ ಉಳಿಯಲಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಒಂದು ವಿಚಿತ್ರ ಗಮನಿಸಿದ. ಚಿಕ್ಕ ವಯಸ್ಸಿನಲ್ಲಿ ಚಿಮಣಿಯೊಳಗೆ ಹತ್ತಿ ಮಸಿ ಕೆರೆದ ಹುಡುಗರಿಗೆ ಮುಂದೆ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರ್ ಬರ್ತಿತ್ತು. ಚರ್ಮದ ಮಡಿಕೆಯಲ್ಲಿ ಕೂತ ಮಸಿಯೇ ಕಾರಣ ಅಂತ ಅವನು ಹೇಳಿದ. ಕಸುಬಿನಿಂದ ಬರೋ ಕ್ಯಾನ್ಸರನ್ನ ಗುರುತಿಸಿದ್ದು ಅದೇ ಮೊದಲು ಅಂತಾರೆ. ಮಸಿಯಲ್ಲೂ ಡಾಂಬರಿನಲ್ಲೂ ಇರೋ ಬೆಂಜೋಪೈರೀನ್ ಅನ್ನೋ ವಿಷವನ್ನ ವಿಜ್ಞಾನಿಗಳು ಬೇರ್ಪಡಿಸಿದ್ದು 1930ರ ದಶಕದಲ್ಲಿ. ಅದೇ ಜಾತಿಯ ವಿಷಗಳು ಇವತ್ತು ಡೀಸೆಲ್ ಹೊಗೆಯಲ್ಲೂ ಇವೆ.

1892ರಲ್ಲಿ ಹೆನ್ರಿ ಬಟ್ಲಿನ್ ಅನ್ನೋ ಇನ್ನೊಬ್ಬ ವೈದ್ಯ ಇಂಗ್ಲೆಂಡಿನ ಚಿಮಣಿ ಕೆಲಸದವರನ್ನ ಯುರೋಪಿನ ಬೇರೆ ದೇಶದವರ ಜೊತೆ ಹೋಲಿಸಿದ. ಜರ್ಮನಿಯಂಥ ಕಡೆ ಈ ಕ್ಯಾನ್ಸರ್ ಬಲು ಅಪರೂಪ. ಅಲ್ಲಿಯವರು ಮೈಗೆ ಬಿಗಿಯಾದ ಬಟ್ಟೆ ತೊಟ್ಟು ಕೆಲಸ ಮಾಡ್ತಿದ್ರು, ದಿನಾ ಮೈ ತೊಳ್ಕೊಳ್ತಿದ್ರು. ಅಂದರೆ ಬಟ್ಟೆ ಮತ್ತು ಸ್ನಾನ, ಎರಡೇ. ಮಕ್ಕಳನ್ನ ಚಿಮಣಿಗೆ ಹತ್ತಿಸೋದು ಮಾತ್ರ ಅದಕ್ಕೂ ಮುಂಚೆ, 1875ರ ಕಾನೂನು ಬಂದ ಮೇಲೆ ನಿಂತಿತ್ತು. ಅದಕ್ಕಿಂತ ಹಿಂದಿನ ಕಾನೂನುಗಳನ್ನ ಯಾರೂ ಸರಿಯಾಗಿ ಪಾಲಿಸಿರಲಿಲ್ಲ.

ತೊಳ್ಕೊಳ್ಳೋ ವಿದ್ಯೆ ನಮ್ಮ ಕಡೆಗೇನೂ ಹೊಸದಲ್ಲ. ಹರಳೆಣ್ಣೆ ಹಚ್ಚಿ, ಹಂಡೆ ನೀರು ಕಾಯಿಸಿ, ಸೀಗೆಪುಡಿ ಕಡ್ಲೆಹಿಟ್ಟು ತಿಕ್ಕಿ ಮೀಯಿಸೋದರಲ್ಲಿ ಒಳ್ಳೆ ಲೆಕ್ಕಾಚಾರ ಇದೆ. ಮಸಿಯಲ್ಲಿರೋ ವಿಷಗಳು ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತವೆ. ಆ ಎಣ್ಣೆಯನ್ನ ಹಿಟ್ಟು ಹೀರಿಕೊಂಡು ಬರುತ್ತೆ. ಆದರೆ ಎಣ್ಣೆ ಹಚ್ಚಿಕೊಂಡು ಹಾಗೇ ರಸ್ತೆಗೆ ಇಳಿದರೆ ಉಲ್ಟಾ, ದೂಳೆಲ್ಲ ಬಂದು ಅಂಟಿಕೊಳ್ಳುತ್ತೆ.

ಇನ್ನು ಸೋಪಿನ ಕಥೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗ್ತಿದ್ದ ಮೈಸೂರು ಶ್ರೀಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬೆಂಗಳೂರಲ್ಲಿ ಹುಟ್ಟಿಕೊಂಡಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಮೈಸೂರು ಸ್ಯಾಂಡಲ್ ಸೋಪಿಗೆ ಆ ಪರಿಮಳ ಕೊಟ್ಟರು. ಹಬ್ಬಕ್ಕೊಮ್ಮೆ ಮಾಡ್ತಿದ್ದ ಕೆಲಸ ಸೋಪು ಬಂದ ಮೇಲೆ ದಿನನಿತ್ಯದ್ದಾಯಿತು. ಅದಕ್ಕೂ ಒಂದು ಮಿತಿ ಇದೆ. ಚರ್ಮದ ಪಿ.ಎಚ್. ಸುಮಾರು 5, ಮಾಮೂಲಿ ಸೋಪಿನದು 9ರಿಂದ 10. ದಿನಕ್ಕೆ ನಾಲ್ಕು ಸಲ ತಿಕ್ಕಿದರೆ ಮಸಿಯನ್ನ ತಡೆಯೋ ಮೇಲ್ಪದರವೇ ಕಿತ್ತುಹೋಗುತ್ತೆ.

ಹೊಗೆ ಅಂದ್ರೆ ಸಿಟಿಯದ್ದು ಅಂತ ನಾವು ಅಂದುಕೊಳ್ತೀವಿ. ಮಾಗಡಿ ಸೀಮೆಯ ಅಡುಗೆಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿ ಉರಿಸಿ, ಮಾಡಿನಿಂದ ಇಲ್ಲಣ ನೇತಾಡ್ತಿದ್ದ ಕಾಲ ನಾನು ಕಂಡಿದ್ದೇ. ನಮ್ಮವ್ವ ಊದುಕೊಳವೆ ಹಿಡಿದು ಒಲೆ ಮುಂದೆ ಕೂತ ಗಂಟೆಗಳನ್ನ ಯಾವ ಮಾಪಕವೂ ಅಳೆದಿಲ್ಲ. ಚೀನಾದಲ್ಲಿ ಸೌದೆ, ಕಲ್ಲಿದ್ದಲು ಒಲೆಯಲ್ಲಿ ಅಡುಗೆ ಮಾಡೋ ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಅವರ ಮುಖದಲ್ಲೂ ಕೈ ಹಿಂಬದಿಯಲ್ಲೂ ಸುಕ್ಕು ಜಾಸ್ತಿ ಅಂತ ಕಂಡುಕೊಂಡಿತು. ಇದಕ್ಕೆ ನಮ್ಮಲ್ಲಿ ಸಿಕ್ಕ ಉತ್ತರ ಮುಲಾಮಲ್ಲ, ಒಲೆ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದವರು, ಮಾಗಡಿ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲ ಹಳ್ಳಿಗಳಲ್ಲಿ ಉರುವಲಿನ ಲೆಕ್ಕ ಹಾಕಿದರು. ಆ ಕೇಂದ್ರದಿಂದಲೇ ಬಂದದ್ದು ಹೊಗೆಕೊಳವೆ ಇರೋ ಅಸ್ತ್ರ ಒಲೆ. ಆಮೇಲೆ ಗ್ಯಾಸ್ ಬಂತು.

ಹೊಗೆ ಒಲೆಯಿಂದ ರಸ್ತೆಗೆ ಬಂದಿದ್ದು ನಮ್ಮ ತಲೆಮಾರಿಗೆ. ಮಾಗಡಿಗೆ ರೈಲಿಲ್ಲ. ತಾವರೆಕೆರೆ, ಸುಂಕದಕಟ್ಟೆ, ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟಿ ಸುಮಾರು 50 ಕಿ.ಮೀ. ಬಸ್ಸಲ್ಲೋ ಬೈಕಲ್ಲೋ ಬರಬೇಕು. ಜರ್ಮನಿಯ ಡ್ಯುಸೆಲ್ಡಾರ್ಫ್‌ನ ಸಂಶೋಧಕರು 400 ವಯಸ್ಸಾದ ಹೆಂಗಸರ ಚರ್ಮ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ವಾಹನದ ಮಸಿ ಹೆಚ್ಚಾದ ಕಡೆ ಹಣೆ, ಕೆನ್ನೆ ಮೇಲಿನ ಕಪ್ಪು ಮಚ್ಚೆಗಳು ಶೇ. 20ರಷ್ಟು ಜಾಸ್ತಿ. ಬಿಸಿಲೂ ಸೇರಿದರೆ ಪೆಟ್ಟು ಇನ್ನೂ ಹೆಚ್ಚು.

ಈ ಮಚ್ಚೆಯ ಭಯ ಇದೆಯಲ್ಲ, ಅದೇ ಕೆಲವರಿಗೆ ವ್ಯಾಪಾರ. ನನ್ನ ತಂಗಿ ಎರಡು ವರ್ಷ ಈ ರಸ್ತೇಲಿ ಸ್ಕೂಟರ್ ಓಡಿಸಿದಳು. ಹೆಣ್ಣು ನೋಡೋಕೆ ಬಂದವರೊಬ್ಬರು 'ಹುಡುಗಿ ಸ್ವಲ್ಪ ಕಪ್ಪಾಗವ್ಳೆ' ಅಂದರು. ಒಂದು ಮೆಡಿಕಲ್ ಸ್ಟೋರಿನವರು ಚೀಟಿ ಕೇಳದೆ ಒಂದು ಮುಲಾಮು ಕೊಟ್ಟರು. 'ಮೊದ್ಲು ಬೆಳ್ಳಗಾಯ್ತು ಕಣಣ್ಣ, ಬಿಟ್ಟ ಮೇಲೆ ಉರಿಯೋಕೆ ಶುರುವಾಯ್ತು' ಅಂದಳು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಮುಖ ಸರಿಹೋಗೋಕೆ ಚರ್ಮದ ಡಾಕ್ಟರ ಹತ್ತಿರ ತಿಂಗಳುಗಟ್ಟಲೆ ಓಡಾಡಿದಳು. ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಮಸಿ ಅವಳ ಚರ್ಮಕ್ಕೆ ಮಾಡಿದ್ದಕ್ಕಿಂತ 'ಕಪ್ಪು' ಅನ್ನೋ ಮಾತು ಮಾಡಿದ ಹಾನಿಯೇ ಜಾಸ್ತಿ.

ಹಾಗಾದರೆ ಮಾಡೋದೇನು? ಬಟ್ಲಿನ್ ಕಂಡಿದ್ದೇ ಇವತ್ತಿಗೂ ನಡೆಯುತ್ತೆ. ತುಂಬುತೋಳು, ಹೆಲ್ಮೆಟ್ಟಿನ ಗಾಜು, ಹತ್ತಿ ದುಪಟ್ಟಾ. ಆ ದುಪಟ್ಟಾನ ದಿನಾ ಒಗೀಬೇಕು, ಇಲ್ಲಾಂದ್ರೆ ನಿನ್ನೆಯ ಮಸಿಯನ್ನೇ ಇವತ್ತು ಮುಖಕ್ಕೆ ಸುತ್ತಿಕೊಂಡ ಹಾಗೆ. ಮನೆಗೆ ಬಂದ ತಕ್ಷಣ ಮುಖ, ಕತ್ತು, ಕೈಯನ್ನ ಸೌಮ್ಯವಾದ ಸೋಪಿನಲ್ಲಿ ಒಂದೇ ಸಲ ತೊಳೆದು, ಚರ್ಮ ಒಣಗದ ಹಾಗೆ ಏನಾದರೂ ಹಚ್ಚೋದು. ಹಗಲಲ್ಲಿ ಸನ್‌ಸ್ಕ್ರೀನ್. ಇಷ್ಟೇ. ದುಪಟ್ಟಾ ಚರ್ಮ ಕಾಯುತ್ತೆ, ಶ್ವಾಸಕೋಶ ಕಾಯಲ್ಲ ಅನ್ನೋದೂ ನೆನಪಿರಲಿ.

ಆದರೆ ಇದಿಷ್ಟೂ ಮನೆಗೆ ಬಂದು ಮುಖ ತೊಳೆಯೋಕಾಗೋರ ಮಾತು. ಸುಮನಹಳ್ಳಿ ಸರ್ಕಲ್ಲಲ್ಲಿ ದಿನವಿಡೀ ನಿಲ್ಲೋ ಟ್ರಾಫಿಕ್ ಪೊಲೀಸರಿಗೆ, ರಸ್ತೆ ಪಕ್ಕ ಎಳನೀರು, ಹೂವು ಮಾರೋರಿಗೆ ಎಷ್ಟು ಸಲ ತೊಳೆದರೂ ಮುಗಿಯಲ್ಲ. ಅವರ ಚರ್ಮಕ್ಕೆ ಸಹಾಯ ಆಗಿರೋದು ಪೆಟ್ರೋಲಿನಿಂದ ಸೀಸ ತೆಗೆದ 2000ನೇ ಇಸವಿಯಂಥ, ಬಿಎಸ್-6 ಜಾರಿಗೆ ಬಂದ 2020ರ ಏಪ್ರಿಲ್ಲಿನಂಥ ತೀರ್ಮಾನಗಳಿಂದ. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಇನ್ನೂ ದೂರ ಇದೆ. ಚಿಮಣಿ ಹುಡುಗರನ್ನ ಉಳಿಸಿದ್ದು ಬಾದಾಮಿ ಪುಡಿ ಅಲ್ಲ, ಕೊನೆಗೂ ಪಾಲಿಸಿದ ಕಾನೂನು. ಮುಂದಿನ ಸಲ ಓಟು ಕೇಳೋಕೆ ಬಂದವರ ಹತ್ತಿರ ಮಾಗಡಿ ರೋಡಿನ ಗುಂಡಿ ಜೊತೆಗೆ ಅಲ್ಲಿನ ಗಾಳಿ ಬಗ್ಗೆಯೂ ಒಂದು ಮಾತು ಕೇಳೋಣ.